ಸೋರಿಹೋಗುವ ಗಾಳಿಗೆ ಕರೆಂಟ್ ಬಿಲ್ ಕಟ್ಟುತ್ತಿದ್ದೆ

ನನ್ನದು ಲೋಹದ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪ್. ನಾಲ್ಕಾರು ಲೇತು, ಒಂದು ಶೀಟ್ ಕಟಿಂಗ್ ಯಂತ್ರ, ಮೂಲೆಯಲ್ಲಿ ಸದಾ ಗುರ್ರೆನ್ನುತ್ತ, ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವ ಏರ್ ಕಂಪ್ರೆಸರ್. ಕರೆಂಟ್ ಬಿಲ್ ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ಅದೇ ಹೊತ್ತಿಗೆ ದೊಡ್ಡ ಗಿರಾಕಿಯೊಬ್ಬರು 'ಪರಿಸರಕ್ಕಾಗಿ ಏನು ಮಾಡುತ್ತಿದ್ದೀರಿ?' ಎಂದು ಫಾರಂ ಕಳಿಸಿದರು. ಬರೆಯಲು ಒಂದು ಸಾಲೂ ಇರಲಿಲ್ಲ. ಸೋಲಾರ್ ಹಾಕಿಸಿದರೆ ಎರಡೂ ಬಗೆಹರಿಯುತ್ತದೆ ಅಂದುಕೊಂಡು ಕೊಟೇಶನ್ ತರಿಸಿದೆ. ಮೊತ್ತ ನೋಡಿ ಫೈಲು ಮುಚ್ಚಿಟ್ಟೆ.

ಆಮೇಲೆ ಖರ್ಚಿಲ್ಲದ ಒಂದು ಕೆಲಸ ಮಾಡಿದೆ. ಸಂಜೆ ಬಾಗಿಲು ಹಾಕುವಾಗ ಮೀಟರ್ ರೀಡಿಂಗ್ ಬರೆದಿಟ್ಟೆ. ಬೆಳಗ್ಗೆ ಬಂದು ಮತ್ತೆ ನೋಡಿದೆ. ನರಪಿಳ್ಳೆ ಇಲ್ಲದ ರಾತ್ರಿಯಲ್ಲೂ ಮೀಟರ್ ಆರಾಮಾಗಿ ಓಡಿತ್ತು! ಕೇಳಿದರೆ ಹುಡುಗ ಹೇಳಿದ: "ಬೆಳಗ್ಗೆ ಬಂದ ತಕ್ಷಣ ಪ್ರೆಷರ್ ಇರಲಿ ಅಂತ ಕಂಪ್ರೆಸರ್ ಆಫ್ ಮಾಡಲ್ಲ ಸಾರ್." ಅವನನ್ನು ಬೈಯುವಂತಿಲ್ಲ. ಆಫ್ ಮಾಡು ಅಂತ ನಾನು ಯಾವತ್ತೂ ಹೇಳಿರಲಿಲ್ಲ.

ಆದರೆ ಯಾರೂ ಗಾಳಿ ಬಳಸದಿದ್ದರೆ ಕಂಪ್ರೆಸರ್ ಮತ್ತೆ ಮತ್ತೆ ಯಾಕೆ ಲೋಡ್ ಆಗಬೇಕು, ಅಂದರೆ ಗಾಳಿ ತುಂಬಲು ಶುರು ಮಾಡಬೇಕು? ಎಲ್ಲೋ ಸೋರುತ್ತಿದೆ ಅಂತ ತಾನೇ ಅರ್ಥ. ರಜಾ ದಿನ ಎಲ್ಲ ಯಂತ್ರ ನಿಲ್ಲಿಸಿ, ಕಂಪ್ರೆಸರ್ ಮಾತ್ರ ಬಿಟ್ಟು, ಗಡಿಯಾರ ಹಿಡಿದು ಕೂತೆ. ಅದು 2 ನಿಮಿಷ ಗಾಳಿ ತುಂಬುತ್ತಿತ್ತು, 4 ನಿಮಿಷ ಸುಮ್ಮನಿರುತ್ತಿತ್ತು, ಮತ್ತೆ ಶುರು. ಲೆಕ್ಕ ಸುಲಭ. ಒಟ್ಟು 6 ನಿಮಿಷದಲ್ಲಿ 2 ನಿಮಿಷದ ಕೆಲಸ ಸೋರಿಕೆಗೇ ಹೋಗುತ್ತಿದೆ. ಅಂದರೆ ಕಂಪ್ರೆಸರಿನ ತಾಕತ್ತಿನಲ್ಲಿ ಮೂರರಲ್ಲೊಂದು ಪಾಲು. ನೀರಿನ ನಲ್ಲಿ ತೊಟ್ಟಿಕ್ಕಿದರೆ ಓಡಿ ಹೋಗಿ ನಿಲ್ಲಿಸುತ್ತೇವೆ. ಗಾಳಿ ಕಣ್ಣಿಗೆ ಕಾಣುವುದಿಲ್ಲ, ನೆಲ ಒದ್ದೆ ಮಾಡುವುದಿಲ್ಲ, ಅದಕ್ಕೇ ಯಾರಿಗೂ ಬೇಡ. ನಿಜ ಹೇಳಬೇಕೆಂದರೆ ವರ್ಕ್‌ಶಾಪಿನಲ್ಲಿ ಅದರಷ್ಟು ದುಬಾರಿ ವಸ್ತು ಇನ್ನೊಂದಿಲ್ಲ. ಕಂಪ್ರೆಸರ್ ತಿನ್ನುವ ಕರೆಂಟಿನಲ್ಲಿ ಬಹುಪಾಲು ಬಿಸಿಯಾಗಿ ಹೋಗುತ್ತದೆ. ಕೆಲಸಕ್ಕೆ ಸಿಗುವುದು ಚೂರೇ ಚೂರು.

ಸೋರಿಕೆ ಹುಡುಕಲು ಬೇಕಾಗಿದ್ದು ಸೋಪಿನ ನೀರು, ಒಂದು ಬ್ರಷ್, ಒಂದು ಸೀಮೆಸುಣ್ಣ. ಊಟದ ಬಿಡುವಿನಲ್ಲಿ ಎಲ್ಲ ಯಂತ್ರ ನಿಂತಾಗ ಕಿವಿಗೊಟ್ಟರೆ ಸುಯ್ ಅನ್ನುವ ಸದ್ದು ಕೇಳುತ್ತದೆ. ನೊರೆ ಬಂದಲ್ಲೆಲ್ಲ ಗುರುತು ಹಾಕಿದೆವು. ಹೆಚ್ಚಿನವು ಹೋಸ್ ಪೈಪಿನ ಕಪ್ಲಿಂಗ್‌ಗಳು, ಹಳೆಯ ವಾಷರ್‌ಗಳು. ಎಲ್ಲಕ್ಕಿಂತ ದೊಡ್ಡ ಕಳ್ಳ ಮಾತ್ರ ಸೋರಿಕೆಯೇ ಅಲ್ಲ. ಟ್ಯಾಂಕಿನಲ್ಲಿ ನೀರು ನಿಲ್ಲಬಾರದೆಂದು ಯಾರೋ ಡ್ರೇನ್ ವಾಲ್ವನ್ನು ಚೂರು ತೆರೆದೇ ಬಿಟ್ಟಿದ್ದರು. ಎಷ್ಟು ವರ್ಷದಿಂದಲೋ! ಟೇಪು, ವಾಷರು, ಕ್ಲಿಪ್ಪು ಹಾಕಿ ಮತ್ತೆ ಗಡಿಯಾರ ಹಿಡಿದಾಗ 1 ನಿಮಿಷ ಲೋಡ್, 9 ನಿಮಿಷ ಬಿಡುವು. ಪೂರ್ತಿ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ಈಗಲೂ ಮೂರು ತಿಂಗಳಿಗೊಮ್ಮೆ ಸೋಪಿನ ನೀರು ಹಿಡಿದು ಓಡಾಡುತ್ತೇವೆ.

ಪ್ರೆಷರ್ ವಿಷಯದಲ್ಲಿ ದುರಾಸೆ ಮಾಡಿ ಪೆಟ್ಟು ತಿಂದೆ. 8 ಬಾರ್ ಇಟ್ಟಿದ್ದೆವು (ಬಾರ್ ಅಂದರೆ ಗಾಳಿಯ ಒತ್ತಡದ ಅಳತೆ). 1 ಬಾರ್ ಇಳಿಸಿದರೆ ಕಂಪ್ರೆಸರಿನ ಕರೆಂಟು ಸುಮಾರು ಶೇ. 7 ಕಡಿಮೆಯಾಗುತ್ತದೆ. ಹಾಗಾದರೆ ಇಳಿಸುತ್ತಾ ಹೋಗೋಣ ಅಂತ 5ಕ್ಕೆ ತಂದೆ. ನಟ್ಟು ಬಿಗಿಯುವ ಗನ್ನಿಗೆ ದಮ್ಮೇ ಸಾಲಲಿಲ್ಲ. ಒಂದಿಡೀ ಲಾಟು ಸಡಿಲವಾಗಿ ಹೋಗಿ ವಾಪಸ್ ಬಂತು. ಅದನ್ನು ತರಿಸಿ, ಬಿಚ್ಚಿ, ಮತ್ತೆ ಕಟ್ಟಿ ಕಳಿಸಿದ್ದರಲ್ಲಿ ಉಳಿತಾಯವೆಲ್ಲ ಕೊಚ್ಚಿಹೋಯಿತು. ಈಗ ಆರೂವರೆಯಲ್ಲಿ ನಿಲ್ಲಿಸಿದ್ದೇವೆ. ಕೆಟ್ಟ ಮಾಲಿನಷ್ಟು ಪರಿಸರ ಹಾಳು ಮಾಡುವುದು ಇನ್ನೊಂದಿಲ್ಲ ಅಂತ ಅವತ್ತು ಅನ್ನಿಸಿತು. ಲೋಹ, ಕರೆಂಟು, ಸಾಗಾಟ ಎಲ್ಲವೂ ಎರಡೆರಡು ಸಲ, ಅಲ್ವಾ?

ಲೈಟುಗಳನ್ನು ಎಲ್‌ಇಡಿ ಮಾಡಿದೆವು, ಅದು ಎಲ್ಲರಿಗೂ ಗೊತ್ತಿರುವ ಕಥೆ. ಗುಜರಿ ಬೇರ್ಪಡಿಸಿದ್ದು ಮಾತ್ರ ನಾನು ಎಣಿಸಿದ್ದಕ್ಕಿಂತ ಜಾಸ್ತಿ ಫಲ ಕೊಟ್ಟಿತು. ಮೊದಲು ಅಲ್ಯೂಮಿನಿಯಂ ಚೂರು, ಕಬ್ಬಿಣದ ಚೂರು ಒಂದೇ ಡ್ರಮ್ಮಿಗೆ ಬೀಳುತ್ತಿದ್ದವು. ಗುಜರಿಯವರು ಎಲ್ಲಕ್ಕೂ ಕಬ್ಬಿಣದ ರೇಟು ಕೊಡುತ್ತಿದ್ದರು. ಅದಿರಿನಿಂದ ಹೊಸ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಶೇ. 5ರಷ್ಟಿದ್ದರೆ ಹಳೆಯದನ್ನು ಕರಗಿಸಬಹುದು. ಅದಕ್ಕೇ ಶುದ್ಧ ಚೂರಿಗೆ ಅಷ್ಟು ಬೆಲೆ. ಡ್ರಮ್ಮುಗಳಿಗೆ ಎರಡು ಬಣ್ಣ ಬಳಿದೆವು, ಅಷ್ಟೇ.

ಲೋಹ ಕತ್ತರಿಸುವಾಗ ಬಿಸಿ ತಣಿಸಲು ಸುರಿಯುವ ದ್ರವ, ಅಂದರೆ ಕೂಲೆಂಟಿನ ಕಥೆ ಇನ್ನೂ ಮುಗಿದಿಲ್ಲ. ರಜೆಯಲ್ಲಿ ಯಂತ್ರ ನಿಂತರೆ ಮೇಲೆ ಎಣ್ಣೆಯ ಪದರ ಕಟ್ಟಿ, ಗಾಳಿಯಾಡದೆ ಬ್ಯಾಕ್ಟೀರಿಯಾ ಬೆಳೆದು, ಸೋಮವಾರ ಬೆಳಗ್ಗೆ ಕೊಳೆತ ಮೊಟ್ಟೆಯ ವಾಸನೆ. ಎಣ್ಣೆ ತೆಗೆಯುತ್ತಿದ್ದರೆ ಕೂಲೆಂಟ್ ಜಾಸ್ತಿ ದಿನ ಬಾಳುತ್ತದೆ. ತೆಗೆಯುವ ಕೆಲಸ ಯಾರದು ಅನ್ನುವುದೇ ಜಗಳ. ಸದ್ಯಕ್ಕೆ ನನ್ನದೇ.

ಮೊನ್ನೆ ಸೋಲಾರ್‌ನವರನ್ನು ಮತ್ತೆ ಕರೆಸಿದ್ದೆ. ಹೊಸ ಬಿಲ್ ನೋಡಿ, ಮೊದಲು ಹೇಳಿದಷ್ಟು ಪ್ಯಾನಲ್ ನಿಮಗೆ ಬೇಕಾಗಲ್ಲ ಅಂದರು. ಪಾಪ, ಮುಖ ಸ್ವಲ್ಪ ಸಪ್ಪೆಯಾಗಿತ್ತು.