ಬೆಣ್ಣೆ ಊರಲ್ಲೇ ಬೆಣ್ಣೆ ಟ್ಯಾಕ್ಸ್ ತಪ್ಪು ಹೇಳಿದ ಮೇಲೆ: ಕಾಮರ್ಸ್, ಕಂಪ್ಯೂಟರ್ ಮೇಷ್ಟ್ರುಗಳು ಅಪ್‌ಡೇಟ್ ಆಗಿರೋದು ಹೆಂಗೆ

2025ರ ದಸರಾ ರಜೆ ಮುಗಿಸ್ಕೊಂಡು ಬಂದ ಮೊದಲನೇ ವಾರ, ಕಾಮರ್ಸ್ ಕ್ಲಾಸು, ಜಿಎಸ್‌ಟಿ ಲೆಕ್ಕ ಮಾಡಿಸ್ತಿದ್ದೆ. ಉದಾಹರಣೆ ದಾವಣಗೆರೆದೇ ಇರ್ಲಿ ಅಂತ ಬೆಣ್ಣೆ ತಗೊಂಡೆ. ಹತ್ತು ಸಾವಿರದ ಬೆಣ್ಣೆ, 12 ಪರ್ಸೆಂಟ್, ಕೇಂದ್ರದ ಪಾಲು ಸಿಜಿಎಸ್‌ಟಿ 600, ರಾಜ್ಯದ ಪಾಲು ಎಸ್‌ಜಿಎಸ್‌ಟಿ 600 ಅಂತ ಬೋರ್ಡ್ ಮೇಲೆ ಬರೆದು ತಿರುಗಿದ್ರೆ ಹಿಂದಿನ ಬೆಂಚಲ್ಲಿ ಒಬ್ಬ ಕೈ ಎತ್ಕೊಂಡು ಕೂತಿದಾನೆ. "ಸಾರ್, ಅದು ಈಗ 5 ಅಲ್ವಾ? ನಮ್ಮಪ್ಪನ ಅಂಗಡೀಲಿ 22ನೇ ತಾರೀಖಿಂದ ಹಂಗೇ ಬಿಲ್ ಹಾಕ್ತಿದೀವಿ." ಕ್ಲಾಸೆಲ್ಲ ಗೊಳ್ ಅಂತು. ಸುದ್ದಿ ನಾನು ಪೇಪರಲ್ಲಿ ಓದಿದ್ದೆ ಕಣ್ರೀ, ಓದಿರಲಿಲ್ಲ ಅಂತಲ್ಲ. ಆದ್ರೆ ನೋಟ್ಸ್ ತಿದ್ದಿರಲಿಲ್ಲ. ಓದೋದೇ ಬೇರೆ, ಅದು ಪಾಠಕ್ಕೆ ಬಂದು ಸೇರೋದೇ ಬೇರೆ.

ಅವತ್ತಿಂದ ನಾನು ಮಾಡ್ಕೊಂಡಿರೋ ಪದ್ಧತಿ ಇಲ್ಲಿ ಬರೀತಿದೀನಿ. ಪಿಯು, ಬಿಕಾಂ, ಬಿಸಿಎ ಪಾಠ ಮಾಡೋರಿಗೆ, ಅದ್ರಲ್ಲೂ ನಮ್ಮ ಕಡೆ ಅರ್ಧ ಕಾಲೇಜಲ್ಲಿ ಕಾಮರ್ಸ್ ಮೇಷ್ಟ್ರೇ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರೂ ಹೇಳ್ಕೊಡ್ಬೇಕಲ್ಲ, ಅಂಥೋರಿಗೆ ಉಪಯೋಗ ಆಗಬೋದು.

ಮೊದಲು ಒಂದು ನೂರು ಪೇಜಿನ ನೋಟ್‌ಬುಕ್ ತಗೊಳ್ರಿ. ಫೋನಲ್ಲಿ ಬರ್ಕೊಂಡ್ರೂ ಆಗತ್ತೆ, ಆದ್ರೆ ನನಗೆ ಫೋನ್ ತೆಗೆದ್ರೆ ರೀಲ್ಸ್‌ಗೆ ಹೋಗೋ ಚಾಳಿ ಇರೋದ್ರಿಂದ ಪುಸ್ತಕನೇ. ಒಂದೊಂದು ವಿಷಯಕ್ಕೆ ಒಂದೊಂದು ಪೇಜು. ಅದ್ರಲ್ಲಿ ಮೂರು ತಾರೀಖು ಬರೀಬೇಕು: ಬಾಯಲ್ಲಿ ಹೇಳಿದ್ದು ಯಾವತ್ತು, ಕಾಗದದ ಮೇಲೆ ಬಂದಿದ್ದು ಯಾವತ್ತು, ಜಾರಿ ಆಗಿದ್ದು ಯಾವತ್ತು. ನಮ್ಮ ಬೆಣ್ಣೆ ಕೇಸನ್ನೇ ತಗೊಳ್ರಿ. ಜಿಎಸ್‌ಟಿ ಕೌನ್ಸಿಲ್‌ನ 56ನೇ ಮೀಟಿಂಗಲ್ಲಿ ತೀರ್ಮಾನ ಆಗಿದ್ದು 2025ರ ಸೆಪ್ಟೆಂಬರ್ 3ಕ್ಕೆ, ನೋಟಿಫಿಕೇಶನ್ ಬಂದಿದ್ದು 17ಕ್ಕೆ, ಜಾರಿ ಆಗಿದ್ದು 22ಕ್ಕೆ. 12 ಮತ್ತೆ 28ರ ಸ್ಲ್ಯಾಬ್ ಹೋಗಿ ಹೆಚ್ಚುಕಮ್ಮಿ ಎಲ್ಲಾ 5, 18ಕ್ಕೆ ಬಂತು, ಐಷಾರಾಮಿ ಸಾಮಾನು, ಕೂಲ್ ಡ್ರಿಂಕ್ಸ್ ಥರದ್ದಕ್ಕೆ 40. ಬೆಣ್ಣೆ, ತುಪ್ಪ 12ರಿಂದ 5ಕ್ಕೆ, ಸಿಮೆಂಟು 28ರಿಂದ 18ಕ್ಕೆ. ಸೆಪ್ಟೆಂಬರ್ 10ಕ್ಕೆ ಬಿಲ್ ಹಾಕಿದ್ರೆ ಎಷ್ಟು ಅಂತ ಹುಡುಗ್ರು ಕೇಳಿದ್ರೆ ಮೂರನೇ ತಾರೀಖು ಬರ್ಕೊಂಡಿರೋರು ಮಾತ್ರ ತಡವರಿಸದೆ 12 ಅಂತಾರೆ.

ಈ ಮೂರು ತಾರೀಖಿನ ಅಭ್ಯಾಸ ಬೇರೆ ಕಡೆನೂ ಕೆಲಸಕ್ಕೆ ಬರತ್ತೆ. ಎಂಎಸ್‌ಎಂಇ, ಅಂದ್ರೆ ಅತಿ ಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ ಮಿತಿ ಏರಿಸ್ತೀವಿ ಅಂತ 2025ರ ಫೆಬ್ರವರಿ 1ರ ಬಜೆಟ್‌ನಲ್ಲಿ ಹೇಳಿದ್ರು, ಮಾರ್ಚಲ್ಲಿ ನೋಟಿಫಿಕೇಶನ್, ಏಪ್ರಿಲ್ 1ರಿಂದ ಜಾರಿ. ಈಗ ಮೈಕ್ರೋ ಅಂದ್ರೆ ಹೂಡಿಕೆ 2.5 ಕೋಟಿವರೆಗೆ, ಟರ್ನ್‌ಓವರ್ 10 ಕೋಟಿವರೆಗೆ. ಸ್ಮಾಲ್ ಅಂದ್ರೆ 25 ಮತ್ತೆ 100, ಮೀಡಿಯಂ 125 ಮತ್ತೆ 500. ಹಳೇ ನೋಟ್ಸಲ್ಲಿ 1 ಕೋಟಿ, 5 ಕೋಟಿ ಅಂತ ಇದ್ರೆ ಅದು 2020ರದ್ದು. ಬಿಕಾಂನೋರಿಗೆ ಇನ್ನೂ ದೊಡ್ಡ ಕೆಲಸ ಐತೆ, 1961ರ ಇನ್‌ಕಮ್ ಟ್ಯಾಕ್ಸ್ ಆಕ್ಟ್ ಜಾಗಕ್ಕೆ 2025ರ ಹೊಸ ಆಕ್ಟು, 2025ರ ಆಗಸ್ಟಲ್ಲೇ ರಾಷ್ಟ್ರಪತಿಗಳ ಅಂಕಿತ ಬಿದ್ದಿದ್ದು, ಜಾರಿ ತಾರೀಖು ಮಾತ್ರ 2026ರ ಏಪ್ರಿಲ್ 1. ಆದಾಯ ಬಂದ ವರ್ಷಕ್ಕೆ ಪ್ರೀವಿಯಸ್ ಇಯರ್, ಅದಕ್ಕೆ ಟ್ಯಾಕ್ಸ್ ಲೆಕ್ಕ ಹಾಕೋ ಮುಂದಿನ ವರ್ಷಕ್ಕೆ ಅಸೆಸ್‌ಮೆಂಟ್ ಇಯರ್ ಅಂತ ಎರಡು ಹೆಸರಿಟ್ಕೊಂಡು ಎಷ್ಟು ತಲೆಮಾರಿನ ಹುಡುಗ್ರಿಗೆ ತಲೆ ಕೆಡಿಸಿದ್ವೋ, ಹೊಸದ್ರಲ್ಲಿ ಅದಕ್ಕೆಲ್ಲ ಟ್ಯಾಕ್ಸ್ ಇಯರ್ ಅಂತ ಒಂದೇ ಹೆಸರು. ಹಳೇ ವರ್ಷದ ಲೆಕ್ಕಗಳಿಗೆ ಹಳೇ ಹೆಸರೇ ನಡೆಯತ್ತೆ, ಹಂಗಾಗಿ ಸ್ವಲ್ಪ ದಿನ ಎರಡೂ ಹೇಳ್ಕೊಡೋ ಕರ್ಮ ತಪ್ಪಲ್ಲ.

ಇನ್ನು ಸುದ್ದಿ ಎಲ್ಲಿಂದ ತಗೋಬೇಕು ಅನ್ನೋದು. ಪೇಪರು ಓದ್ರಿ, ಬೇಡ ಅನ್ನಲ್ಲ, ಕನ್ನಡ ಪೇಪರುಗಳ ವಾಣಿಜ್ಯ ಪುಟ ಹುಡುಗ್ರಿಗೆ ತೋರ್ಸೋಕೆ ಚೆನ್ನಾಗಿರತ್ತೆ. ಆದ್ರೆ ನೋಟ್ಸಿಗೆ ಹಾಕೋ ಮುಂಚೆ ಮೂಲಕ್ಕೆ ಹೋಗ್ಲೇಬೇಕು. ಜಿಎಸ್‌ಟಿ ರೇಟಿಗೆ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ ಸಿಬಿಐಸಿ ವೆಬ್‌ಸೈಟು. ರೆಪೋ ರೇಟು (ಬ್ಯಾಂಕುಗಳಿಗೆ ಆರ್‌ಬಿಐ ಸಾಲ ಕೊಡೋ ಬಡ್ಡಿ), ಬ್ಯಾಂಕ್ ವಿಷಯಕ್ಕೆ ಆರ್‌ಬಿಐ ಪ್ರೆಸ್ ರಿಲೀಸು. ಷೇರು ಮಾರ್ಕೆಟ್ಟಿಗೆ ಅದರ ನಿಯಂತ್ರಕ ಸೆಬಿ. ಕೇಂದ್ರ ಸರ್ಕಾರದ ಯಾವ ಘೋಷಣೆ ಆದ್ರೂ ಸರ್ಕಾರದ ಸುದ್ದಿ ಸಂಸ್ಥೆ ಪಿಐಬಿ, ಅಲ್ಲಿ ಕೆಲವು ಕನ್ನಡದಲ್ಲೇ ಸಿಗತ್ತೆ. ಇದೆಲ್ಲ ದಿನಾ ನೋಡೋಕೆ ಯಾರಿಗೂ ಟೈಮಿಲ್ಲ, ನನಗಂತೂ ಇಲ್ಲ, ಶನಿವಾರ ಮಧ್ಯಾಹ್ನ ಊಟ ಆದ್ಮೇಲೆ ಅರ್ಧ ಗಂಟೆ ಅಷ್ಟೇ. ಗೂಗಲ್ ಅಲರ್ಟ್ಸ್‌ನಲ್ಲಿ ನಾಲ್ಕೈದು ಪದ ಹಾಕಿ ವಾರಕ್ಕೊಂದೇ ಮೇಲ್ ಬರೋ ಹಂಗೆ ಸೆಟ್ ಮಾಡಿಟ್ಟಿದೀನಿ. ಬರೀ ಜಿಎಸ್‌ಟಿ ಅಂತ ಹಾಕಬೇಡ್ರಿ, ಮೇಲ್ ಬಾಕ್ಸ್ ತುಂಬಿ ಹೋಗತ್ತೆ. ಜಿಎಸ್‌ಟಿ ಕೌನ್ಸಿಲ್ ಅಂತ ಎರಡೂ ಪದ ಸೇರಿಸಿ ಕೋಟ್ ಮಾರ್ಕ್ ಒಳಗೆ ಹಾಕ್ರಿ. ರೆಪೋ ತೀರ್ಮಾನ ಮಾಡೋ ಆರ್‌ಬಿಐನ ಆರು ಜನರ ಸಮಿತಿ ಎರಡು ತಿಂಗಳಿಗೊಮ್ಮೆ ಕೂರೋದು, ಅದರ ತಾರೀಖು ಮೊದಲೇ ಗೊತ್ತಿರತ್ತೆ, ಕ್ಯಾಲೆಂಡರ್ ಮೇಲೆ ಗುರುತು ಹಾಕ್ಕೊಂಡ್ರೆ ಸಾಕು. 2025 ಒಂದೇ ವರ್ಷದಲ್ಲಿ ರೆಪೋ ನಾಲ್ಕು ಸಲ ಇಳಿದು 6.5 ಇದ್ದಿದ್ದು 5.25ಕ್ಕೆ ಬಂತು, ವರ್ಷದ ಮೊದಲಲ್ಲಿ ಬರೆದ ನೋಟ್ಸು ಡಿಸೆಂಬರಿಗೆ ಹಳಸಿತ್ತು.

ಫಾರ್ವರ್ಡ್ ಮಾತ್ರ ನಂಬಬೇಡ್ರಪ್ಪ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ನೋಟಿಸ್ ಹೋಯ್ತಲ್ಲ, ಬೆಂಗಳೂರಲ್ಲಿ ಅಂಗಡಿಯೋರು ಕ್ಯೂಆರ್ ಕೋಡ್ ಕಿತ್ತು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ರು. ನಮ್ಮ ಸ್ಟಾಫ್ ರೂಮಿಗೆ ಬರೋಷ್ಟರಲ್ಲಿ ಆ ಸುದ್ದಿ "ಫೋನ್‌ಪೇ ಮಾಡಿದ್ರೆ ಜಿಎಸ್‌ಟಿ" ಅಂತ ಆಗಿತ್ತು, ಪಾಪ ಒಬ್ಬ ಹಿರಿಯ ಮೇಷ್ಟ್ರು ತರಕಾರಿಗೆ ಎಟಿಎಂನಿಂದ ದುಡ್ಡು ತಂದಿದ್ರು. ವಿಷಯ ಏನಂದ್ರೆ ಟ್ಯಾಕ್ಸು ಪೇಮೆಂಟ್ ಮಾಡೋ ರೀತಿ ಮೇಲೆ ಅಲ್ಲ, ವ್ಯಾಪಾರದ ಮೇಲೆ. ಸಾಮಾನು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸರ್ವೀಸ್ ಆದ್ರೆ 20 ಲಕ್ಷ ದಾಟಿದ್ರೆ ರಿಜಿಸ್ಟ್ರೇಶನ್ ಬೇಕು, ನಗದಲ್ಲಿ ತಗೊಂಡ್ರೂ ಅಷ್ಟೇ, ಯುಪಿಐನಲ್ಲಿ ತಗೊಂಡ್ರೂ ಅಷ್ಟೇ. ಅವತ್ತು ಪಾಠ ಬಿಟ್ಟು ಇದನ್ನೇ ಮಾತಾಡಿದ್ವಿ. ಯುಪಿಐ ಬಗ್ಗೆ ಇನ್ನೊಂದು ಲೆಕ್ಕ, ಯುಪಿಐ ನಡೆಸೋ ಎನ್‌ಪಿಸಿಐ ವೆಬ್‌ಸೈಟಲ್ಲಿ ತಿಂಗಳ ಅಂಕಿ ಅಂಶ ಹಾಕಿರ್ತಾರೆ, 2025ರ ಆಗಸ್ಟಲ್ಲಿ ವ್ಯವಹಾರಗಳ ಎಣಿಕೆ (ದುಡ್ಡಲ್ಲ) 2,000 ಕೋಟಿ ಮುಟ್ಟಿತು. 31 ದಿನಕ್ಕೆ, ಆಮೇಲೆ 86,400 ಸೆಕೆಂಡಿಗೆ ಭಾಗಿಸ್ರೋ ಅಂದೆ. ಸೆಕೆಂಡಿಗೆ ಸುಮಾರು 7,400ಕ್ಕೂ ಮೇಲೆ ಬಂದಾಗ ಹುಡುಗ್ರ ಮುಖ ನೋಡ್ಬೇಕಿತ್ತು.

ಈಗ ನನಗೆ ಬಹಳ ಇಷ್ಟವಾದ ಪಾಠಕ್ಕೆ ಬರ್ತೀನಿ, ಮೆಕ್ಕೆಜೋಳ. ಎಕ್ಸೆಲ್ ಕಲ್ಸೋಕೆ ಎಲ್ರೂ ರಾಮ, ರಹೀಮ, ಮಾರ್ಕ್ಸ್ ಕಾರ್ಡ್ ಅಂತ ಟೇಬಲ್ ಮಾಡಿಸ್ತಾರೆ, ಅದ್ರಲ್ಲಿ ಯಾರಿಗೂ ಆಸಕ್ತಿ ಇರಲ್ಲ. ಅದರ ಬದಲು ಆಗ್‌ಮಾರ್ಕ್‌ನೆಟ್ ಅಥವಾ ನಮ್ಮ ರಾಜ್ಯದ ಕೃಷಿ ಮಾರಾಟ ವಾಹಿನಿ ತೆಗೀರಿ, ದಾವಣಗೆರೆ ಎಪಿಎಂಸಿ ಮಾರುಕಟ್ಟೆ, ಮೆಕ್ಕೆಜೋಳ, ಒಂದು ತಿಂಗಳು ಅಂತ ಆರಿಸ್ರಿ. ದಿನದ ಆವಕ, ಕನಿಷ್ಠ, ಗರಿಷ್ಠ, ಮೋಡಲ್ ಬೆಲೆ ಬರತ್ತೆ. ಅದನ್ನ ಕಾಪಿ ಮಾಡಿ ಶೀಟಿಗೆ ಹಾಕಿಸ್ರಿ. ಮೊದಲು ಕೇಳಬೇಕಾದ ಪ್ರಶ್ನೆ, ಮೋಡಲ್ ಅಂದ್ರೆ ಸರಾಸರೀನಾ? ಅಲ್ಲ, ಅವತ್ತು ಹೆಚ್ಚು ಮಾಲು ಹೋದ ಬೆಲೆ. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಮೋಡ್ ಅಂತ ಬಾಯಿಪಾಠ ಮಾಡಿದ್ರಲ್ಲ, ಅದೇ ಇಲ್ಲಿ ಚೀಲದಲ್ಲಿ ಕೂತೈತೆ. ಆಮೇಲೆ ಲೈನ್ ಚಾರ್ಟ್ ಹಾಕಿಸಿ ಅದರ ಮೇಲೆ ಎಂಎಸ್‌ಪಿ, ಅಂದ್ರೆ ಸರ್ಕಾರದ ಬೆಂಬಲ ಬೆಲೆದು ಇನ್ನೊಂದು ನೇರ ಗೆರೆ. 2025-26ಕ್ಕೆ ಮೆಕ್ಕೆಜೋಳದ ಎಂಎಸ್‌ಪಿ ಕ್ವಿಂಟಾಲಿಗೆ 2,400. ನವೆಂಬರ್ ತಿಂಗಳು ತಗೊಂಡ್ರೆ ಬೆಲೆ ಗೆರೆ ಎಂಎಸ್‌ಪಿ ಗೆರೆ ಕೆಳಗೆ ಬಿದ್ದಿರೋದು ಕಣ್ಣಿಗೇ ಕಾಣತ್ತೆ, ಅದೇ ಟೈಮಲ್ಲಿ ರೈತರು ರಸ್ತೆಗಿಳಿದಿದ್ದು. ನಮ್ಮ ಕ್ಲಾಸಲ್ಲಿ ಅರ್ಧ ಮಕ್ಕಳ ಮನೇಲಿ ಮೆಕ್ಕೆಜೋಳ ಬೆಳೀತಾರೆ, ಒಬ್ಬ ಹುಡುಗಿ "ಸಾರ್ ನಮ್ದು ಇದಕ್ಕಿಂತ ಕಮ್ಮಿಗೆ ಹೋಯ್ತು, ತೇವ ಐತೆ ಅಂದ್ರು" ಅಂದ್ಲು. ತೇವಾಂಶದ ಮೇಲೆ ಬೆಲೆ ಕಡಿಯೋದು ಯಾವ ಟೆಕ್ಸ್ಟ್ ಬುಕ್ಕಲ್ಲಿ ಬರತ್ತೆ ಹೇಳ್ರಿ. ಚಳ್ಳಕೆರೆ ಕಡೆಯೋರು ಇದನ್ನೇ ಶೇಂಗಾಕ್ಕೆ ಮಾಡಬೋದು. ಕಂಪ್ಯೂಟರ್ ಸೈನ್ಸ್‌ನೋರು ಅದೇ ಡೇಟಾನ ಸಿಎಸ್‌ವಿ (ಕಾಮಾ ಹಾಕಿದ ಸಾದಾ ಫೈಲು) ಮಾಡಿ ಪೈಥಾನಲ್ಲಿ ಓದಿಸ್ರಿ, ಒಂದೇ ಫೈಲಲ್ಲಿ ಎರಡು ಸಬ್ಜೆಕ್ಟು.

ಫೈನಾನ್ಷಿಯಲ್ ಸ್ಟೇಟ್‌ಮೆಂಟ್ ಪಾಠಕ್ಕೂ ದೂರ ಹೋಗಬೇಕಿಲ್ಲ. ಕುಕ್ಕುವಾಡದ ದಾವಣಗೆರೆ ಶುಗರ್ ಕಂಪನಿ ಷೇರು ಪೇಟೆಯಲ್ಲಿ ಲಿಸ್ಟ್ ಆಗಿರೋದ್ರಿಂದ ಅದರ ಆನ್ಯುಯಲ್ ರಿಪೋರ್ಟು ಎಕ್ಸ್‌ಚೇಂಜ್ ಸೈಟಲ್ಲಿ ಫ್ರೀ. ಪೂರ್ತಿ ಪ್ರಿಂಟ್ ತೆಗೀಬೇಡ್ರಿ, ಬ್ಯಾಲೆನ್ಸ್ ಶೀಟಿಂದು ಒಂದು ಪೇಜು, ಕ್ಯಾಶ್ ಫ್ಲೋದು ಒಂದು ಪೇಜು ಸಾಕು. ಸೀಸನ್‌ನಲ್ಲಿ ಕಬ್ಬು ಅರೆದು ವರ್ಷಪೂರ್ತಿ ಸಕ್ಕರೆ ಮಾರೋರಿಗೆ ಮಾರ್ಚ್ 31ಕ್ಕೆ ಇನ್ವೆಂಟರಿ (ಉಳಿದ ದಾಸ್ತಾನು) ಎಷ್ಟಿರಬೋದು ಅಂತ ಮೊದಲು ಊಹೆ ಮಾಡಿಸಿ, ಆಮೇಲೆ ನಂಬರ್ ಹುಡುಕ್ಸಿ.

ಲ್ಯಾಬ್ ವಿಷಯಕ್ಕೆ ಬಂದ್ರೆ ಎರಡು ಮಾತು. ಟ್ಯಾಲಿಪ್ರೈಮ್ ಲೈಸೆನ್ಸ್ ಇಲ್ಲದಿದ್ರೆ ಎಜುಕೇಶನಲ್ ಮೋಡ್‌ನಲ್ಲಿ ಫ್ರೀ ಓಡತ್ತೆ, ಆದ್ರೆ ವೋಚರ್ (ವ್ಯವಹಾರದ ಎಂಟ್ರಿ) ಡೇಟು 1, 2, 31 ಮಾತ್ರ ತಗೊಳತ್ತೆ. ಇದು ಗೊತ್ತಿಲ್ಲದೆ ಮೊದಲ ವರ್ಷ ನಾನು ಪುಸ್ತಕದ ಲೆಕ್ಕನೇ ಕೊಟ್ಟು, ಏಪ್ರಿಲ್ 14ರ ಎಂಟ್ರಿ ಯಾಕೆ ಹೋಗ್ತಿಲ್ಲ ಅಂತ ಒಂದು ಪೀರಿಯಡ್ ಪೂರ್ತಿ ಮೌಸ್ ಕುಟ್ಟಿದೀನಿ. ಈಗ ಲೆಕ್ಕದ ತಾರೀಖೆಲ್ಲ ಮೊದಲೇ ಒಂದಕ್ಕೋ ಎರಡಕ್ಕೋ ತಿದ್ದಿ ಕೊಡ್ತೀನಿ. ಎರಡನೇದು, ಪಿಯು ಕಂಪ್ಯೂಟರ್ ಸೈನ್ಸ್‌ಗೆ ಸಿ ಪ್ಲಸ್ ಪ್ಲಸ್ ಹೋಗಿ ಪೈಥಾನ್ ಬಂತಲ್ಲ, ಲ್ಯಾಬಲ್ಲಿ ಇನ್ನೂ ವಿಂಡೋಸ್ 7 ಮಷೀನ್ ಇದ್ರೆ ಹೊಸ ಪೈಥಾನ್ ಇನ್‌ಸ್ಟಾಲ್ ಆಗಲ್ಲ, 3.9ರಿಂದ ಅದಕ್ಕೆ ಸಪೋರ್ಟ್ ಇಲ್ಲ. ಹಳೇ ವರ್ಷನ್ ಪಟ್ಟಿಯಲ್ಲಿ 3.8.10 ಹುಡುಕಿ ಹಾಕ್ರಿ, ಪಿಯು ಪಾಠಕ್ಕೆ ಧಾರಾಳ ಸಾಕು. ಮಷೀನ್ ಹಾಳಾಗಿದೆ ಅಂತ ಟೆಕ್ನಿಷಿಯನ್ನಿಗೆ ದುಡ್ಡು ಕೊಡೋಕೆ ಹೋಗಬೇಡ್ರಿ.

ನೆಟ್ ಸರಿಯಿಲ್ಲದ ಕಡೆ, ಜಗಳೂರು, ಮೊಳಕಾಲ್ಮೂರು ಕಡೆ ಕೆಲಸ ಮಾಡೋ ಸ್ನೇಹಿತರಿಗೆ ನಾನು ಮೊದಲು ಹೇಳೋದು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ಸಣ್ಣ ಸಣ್ಣ ವಿಡಿಯೋ, ಲಿಬ್ರೆ ಆಫೀಸು, ಪೈಥಾನು ಎಲ್ಲ ಐತೆ, ಬಹಳಷ್ಟಕ್ಕೆ ಕನ್ನಡ ದನಿನೂ ಕೊಟ್ಟಿದಾರೆ, ಮನೇಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಲ್ಲಿ ತಗೊಂಡು ಹೋದ್ರಾಯ್ತು. ಎನ್‌ಸಿಇಆರ್‌ಟಿ ಅಕೌಂಟೆನ್ಸಿ, ಬಿಸಿನೆಸ್ ಸ್ಟಡೀಸ್ ಪಿಡಿಎಫ್ ಫ್ರೀ ಅಂತ ಎಲ್ರಿಗೂ ಗೊತ್ತು. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಐಸಿಎಐನ ಬೋರ್ಡ್ ಆಫ್ ಸ್ಟಡೀಸ್‌ನ ಸಿಎ ಫೌಂಡೇಶನ್ ಮೆಟೀರಿಯಲ್ಲೂ ಫ್ರೀ ಅನ್ನೋದು ಕಮ್ಮಿ ಜನಕ್ಕೆ ಗೊತ್ತು, ಪಾರ್ಟ್‌ನರ್‌ಶಿಪ್ ಲೆಕ್ಕಗಳಿಗೆ ನನಗೆ ಗೈಡ್‌ಗಳಿಗಿಂತ ಅದೇ ವಾಸಿ. ನಮಗೇ ಸರ್ಟಿಫಿಕೇಟ್ ಬೇಕು ಅಂದ್ರೆ ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್, ಕೋರ್ಸ್ ಫ್ರೀ, ಪರೀಕ್ಷೆ ಬರೆಯೋದಾದ್ರೆ ಫೀಸು. ಸೆಬಿ ಇನ್ವೆಸ್ಟರ್ ಪರೀಕ್ಷೆ ಸೆಬಿದೇ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನೋರು ನಡೆಸೋದು, ಅದಕ್ಕೆ ಪರೀಕ್ಷೆ ಫೀಸೂ ಇಲ್ಲ.

ಎಐ ಬಗ್ಗೆ ಕೇಳ್ತೀರಾ ಅಂತ ಗೊತ್ತು. ಒಂದೇ ಲೆಕ್ಕಕ್ಕೆ ಹೆಸರು, ನಂಬರ್ ಬದಲಿಸಿ ಐದು ಮಾದರಿ ಮಾಡಿಕೊಡು ಅಂದ್ರೆ ಚೆನ್ನಾಗಿ ಮಾಡತ್ತೆ. ಉತ್ತರ ಮಾತ್ರ ನೀವೇ ಬಿಡಿಸಿ ನೋಡ್ರಿ. ಹೊಸ ಪಾರ್ಟ್‌ನರ್ ಸೇರೋ ಲೆಕ್ಕ ಒಂದು ಮಾಡಿಸಿದ್ದೆ, ಎಷ್ಟು ಧೈರ್ಯವಾಗಿ ಬ್ಯಾಲೆನ್ಸ್ ಶೀಟ್ ಹಾಕಿತ್ತಂದ್ರೆ ಎರಡು ಕಡೆ ಟೋಟಲ್ 4,000 ವ್ಯತ್ಯಾಸ, ಕೆಳಗೆ ಎರಡೂ ಸಮ ಅಂತ ಬರೆದಿತ್ತು. ಮತ್ತೆ ಮಕ್ಕಳ ಹೆಸರು, ಫೋನ್ ನಂಬರು, ಆಧಾರ್ ಇರೋ ಶೀಟನ್ನ ಅದಕ್ಕೆ ಹಾಕಲೇಬೇಡ್ರಿ. 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯ ನಿಯಮಗಳು 2025ರ ನವೆಂಬರಲ್ಲಿ ಬಂದವು, 18 ತುಂಬದವರ ಮಾಹಿತಿಗೆ ತಂದೆ ತಾಯಿ ಒಪ್ಪಿಗೆ ಬೇಕು ಅನ್ನೋದು ಅದ್ರಲ್ಲೈತೆ. ಮುಖ್ಯವಾದ ಕಟ್ಟುಪಾಡುಗಳು ಜಾರಿ ಆಗೋಕೆ ಹದಿನೆಂಟು ತಿಂಗಳು ಕೊಟ್ಟಿದಾರೆ. ಇದಕ್ಕೂ ಒಂದು ಪೇಜು, ಮೂರು ತಾರೀಖು.

ಕೊನೇದಾಗಿ ಬಿಲ್ ಡಬ್ಬಿ. ಆ ಬೆಣ್ಣೆ ಹುಡುಗನಿಗೇ ಜವಾಬ್ದಾರಿ ಕೊಟ್ಟೆ, ಹಳೇ ಬಿಸ್ಕೆಟ್ ಡಬ್ಬಿ, ಯಾರ ಮನೇಲಿ ಯಾವ ಬಿಲ್ ಬಂದ್ರೂ ತಂದು ಹಾಕೋದು. ಸೆಪ್ಟೆಂಬರ್ 22ಕ್ಕೆ ಮುಂಚಿನ ಸಿಮೆಂಟ್ ಬಿಲ್ಲು, ಆಮೇಲಿನ ಸಿಮೆಂಟ್ ಬಿಲ್ಲು ಪಕ್ಕ ಪಕ್ಕ ಇಟ್ಟು ನೋಡಿದ್ರೆ ಪಾಠ ಮಾಡೋದೇ ಬೇಡ. ಮೊನ್ನೆ ಒಬ್ಬ ದೋಸೆ ಹೋಟೆಲ್ ಬಿಲ್ ತಂದ. ಮೂರು ಬೆಣ್ಣೆ ದೋಸೆ, ಎರಡು ಕಾಫಿ, ಟ್ಯಾಕ್ಸ್ ಲೈನೇ ಇಲ್ಲ. "ಸಾರ್ ಇವ್ರು ಕಳ್ಳ ಲೆಕ್ಕ" ಅಂತ ಕ್ಲಾಸೆಲ್ಲ ತೀರ್ಪು ಕೊಟ್ಟಾಯ್ತು. ಬಿಲ್ ಮೇಲಿನ ಸಾಲು ಜೋರಾಗಿ ಓದ್ರೋ ಅಂದೆ. ಕಾಂಪೋಸಿಷನ್ ಟ್ಯಾಕ್ಸಬಲ್ ಪರ್ಸನ್, ಗಿರಾಕಿಯಿಂದ ಟ್ಯಾಕ್ಸ್ ವಸೂಲಿ ಮಾಡೋ ಹಾಗಿಲ್ಲ ಅಂತ ಸಣ್ಣಕ್ಷರದಲ್ಲಿ ಪ್ರಿಂಟ್ ಆಗಿತ್ತು. ಒಂದೂವರೆ ಕೋಟಿ ಒಳಗಿನ ಹೋಟೆಲ್‌ನೋರು ಆ ಸ್ಕೀಮ್ ತಗೊಂಡ್ರೆ ತಮ್ಮ ವ್ಯಾಪಾರದ ಮೇಲೆ 5 ಪರ್ಸೆಂಟ್ ತಾವೇ ಕಟ್ತಾರೆ, ನಮ್ಮ ಹತ್ರ ಬೇರೆಯಾಗಿ ಕೇಳಂಗಿಲ್ಲ. ಕಳ್ಳ ಲೆಕ್ಕ ಅಂದವನು ಬಿಲ್ ತಿರುಗಿಸಿ ತಿರುಗಿಸಿ ನೋಡಿ, ಹಂಗಾದ್ರೆ ನಿನ್ನೆ ಇನ್ನೊಂದು ಹೋಟೆಲ್‌ನೋರು ಇದೇ ಸಾಲು ಹಾಕಿ ಕೆಳಗೆ ಜಿಎಸ್‌ಟಿನೂ ಸೇರಿಸಿದ್ರಲ್ಲ ಸಾರ್ ಅಂದ. ಆ ಬಿಲ್ ತಗೊಂಬಾ ಅಂದಿದೀನಿ, ಸೋಮವಾರ ಮೊದಲನೇ ಪೀರಿಯಡ್ಡಿಗೆ.