ಏಸಿ ಹಾಕಲು ಹೋಗಿ ಹಗ್ಗ ಬದಲಿಸಿದೆ

ಬಸವನಗುಡಿಯ ಆ ಹೆಂಚಿನ ಮನೆಯ ಒಡತಿ ನನ್ನನ್ನು ಕರೆಸಿದ್ದು ಮಹಡಿಗೆ ಏಸಿ ಹಾಕಿಸಲು. "ಏಪ್ರಿಲ್‌ನಲ್ಲಿ ಮೇಲೆ ಮಲಗಲಾಗುವುದಿಲ್ಲ. ಆದರೆ ಬೀದಿಯಿಂದ ನೋಡಿದರೆ ನಮ್ಮ ಮಾವನವರ ಕಾಲದ ಮನೆಯೇ ಕಾಣಬೇಕು" ಎಂದರು.

ಎರಡು ದಿನ ಮನೆಯೊಳಗೆ ಓಡಾಡಿದ ಮೇಲೆ ಏಸಿಯ ಮಾತು ಕೈಬಿಟ್ಟೆ. ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ. ಹಗಲಿನ ಬಿಸಿ ಅದನ್ನು ದಾಟುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನ ರಾತ್ರಿ ಬೇಸಿಗೆಯಲ್ಲೂ ಸಹ್ಯ. ಒಳಗಿನ ಬಿಸಿಗಾಳಿ ಸೂರಿನಡಿಯ ವೆಂಟಿಲೇಟರ್‌ಗಳಿಂದ ಹೊರಹೋಗಬೇಕಿತ್ತು, ಯಾರೋ ಸೊಳ್ಳೆಗೆ ಹೆದರಿ ಅವಕ್ಕೆಲ್ಲ ಪ್ಲೈವುಡ್ ಹೊಡೆದಿದ್ದರು. ಅದನ್ನು ಕಿತ್ತು, ವೆಂಟಿಲೇಟರ್‌ಗಳ ತಿರುಗು ಬಾಗಿಲುಗಳನ್ನು ಎಳೆಯುವ ಹಗ್ಗ ಬದಲಿಸಿ, ಜಾಲರಿ ಹಾಕಿದೆವು. ಇಡೀ ಕೆಲಸದಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಫಲ ಕೊಟ್ಟದ್ದು ಬೇರೊಂದಿಲ್ಲ.

ನಾನು ಎಡವಿದ್ದು ಮಾಡಿನಲ್ಲಿ. ಬಿಸಿಲು ತಡೆಯಲೆಂದು ಅಲ್ಯೂಮಿನಿಯಂ ಹಾಳೆಯನ್ನು ರೀಪರುಗಳ, ಅಂದರೆ ಹೆಂಚು ಹೊರುವ ಮರದ ಪಟ್ಟಿಗಳ, ಮೇಲೆ ಹಾಸಿ, ಮಂಗಳೂರು ಹೆಂಚನ್ನು ಅದರ ಮೇಲೇ ಕೂರಿಸಿದೆ. ಮೊದಲ ಮಳೆಗಾಲದಲ್ಲೇ ಮರಕ್ಕೆ ಬೂಷ್ಟು ಹಿಡಿಯಿತು. ಮಣ್ಣಿನ ಹೆಂಚು ಒಂದಿಷ್ಟು ನೀರು ಹೀರಿ, ಆಮೇಲೆ ಮೇಲೂ ಕೆಳಗೂ ಗಾಳಿಯಾಡಿ ಒಣಗುತ್ತದೆ. ಕೆಳಗಿನ ದಾರಿಯನ್ನು ನಾನೇ ಮುಚ್ಚಿದ್ದೆ. ಹಾಳೆಯ ಮೇಲೆ ನಿಂತ ನೀರು ಮೊಳೆಯ ತೂತುಗಳಿಂದ ರೀಪರಿಗೆ ಇಳಿಯಿತು. ಸಾಲದ್ದಕ್ಕೆ, ಎದುರಿಗೆ ಗಾಳಿಯ ತೆರಪಿಲ್ಲದಿದ್ದರೆ ಹಾಳೆಯ ಹೊಳಪು ಬಿಸಿಯನ್ನು ಹಿಂದಿರುಗಿಸಲಾರದು. ಇದನ್ನು ಓದಿ ಪಾಸಾದವನೇ ನಾನು! ಹೆಂಚು ಇಳಿಸಿ, ಕೆಟ್ಟ ರೀಪರು ಬದಲಿಸಿ, ಈ ಸಲ ಹಾಳೆಯನ್ನು ಅವುಗಳ ಕೆಳಗೆ, ಎರಡು ಅಂಗುಲ ತೆರಪು ಬಿಟ್ಟು ಕಟ್ಟಿದೆ. ಸೂರಿನಿಂದ ನೆತ್ತಿಯವರೆಗೆ ಗಾಳಿ ಹರಿಯಿತು. ಖರ್ಚು ನನ್ನ ಶುಲ್ಕದಲ್ಲೇ ಕಳೆಯಿತು, ಕಳೆಯಬೇಕಿತ್ತು ಕೂಡ.

ಗೋಡೆಯ ಬುಡದ ತೇವಕ್ಕೆ ಹಿಂದೆ ಸಿಮೆಂಟ್ ಮೆತ್ತಿದ್ದರು. "ಇದು ನೀರನ್ನು ಒಳಗೇ ಕೂಡಿಹಾಕಿದೆ ಸ್ವಾಮಿ" ಎಂದು ಮೇಸ್ತ್ರಿ ಉಳಿಯಿಂದ ಕೆತ್ತತೊಡಗಿದರು. ಒದ್ದೆ ಇಟ್ಟಿಗೆ ಒಣ ಇಟ್ಟಿಗೆಗಿಂತ ಬೇಗ ಬಿಸಿ ದಾಟಿಸುವುದರಿಂದ ಅದು ನನ್ನ ತಂಪಿನ ಲೆಕ್ಕಕ್ಕೂ ಸೇರಿತು. ಸುಣ್ಣ ನೆನೆಹಾಕಿ, ಸುರ್ಕಿ (ಇಟ್ಟಿಗೆಯ ಪುಡಿ) ಬೆರೆಸಿ, ಬೆಲ್ಲದ ನೀರು ಹಾಕಿ ಅವರು ಗಾರೆ ಕಲಸಿದರು. ಅಳತೆ ಕೇಳಿದರೆ ಕರಣೆ ಎತ್ತಿ ತೋರಿಸಿದರು, ಅಷ್ಟೇ.

ಉಳಿದದ್ದು ಸುಲಭ. 75 ವಾಟ್‌ನ ಫ್ಯಾನುಗಳ ಜಾಗಕ್ಕೆ 30 ವಾಟ್‌ನವು ಬಂದವು. ಸೌರಫಲಕಗಳು ಬೀದಿಗೆ ಕಾಣದ ಹಿಂಬದಿಯ ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿದ ಸಮತಟ್ಟು ಮಾಡಿನ) ಮೇಲೆ, ಒಂದೂ ರಂಧ್ರ ಕೊರೆಯದೆ, ಭಾರವೆಲ್ಲ ಗೋಡೆಗಳ ಮೇಲೆ ಬೀಳುವಂತೆ ಕುಳಿತವು.

ಈ ಏಪ್ರಿಲ್‌ನಲ್ಲಿ ಮನೆಯ ಒಡತಿ ಮಹಡಿಯಲ್ಲೇ ಮಲಗಿದರು. ಸಂಜೆ ಆರಕ್ಕೆ ತಾವೇ ಹಗ್ಗ ಎಳೆಯುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಕೆಳಗೆ ಬಂದು ಕೂರುತ್ತಾರೆ. ಅದಕ್ಕೆ ನನ್ನ ಬಳಿ ಉಪಾಯವಿಲ್ಲ.