ಬೆಂಕಿ ಪಾಠ ಬಚ್ಚಲಿನಿಂದ ಶುರುವಾಗಲಿ

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸಿಡಿದಾಗ ಬೆಂಕಿ ಆರಿಸಲು ಹೋದ ಸಿಬ್ಬಂದಿ ಹತ್ತಾರು ಮಂದಿ ಪ್ರಾಣ ಬಿಟ್ಟರು. ಅವರ ನೆನಪಿಗೆ ಈ ವಾರ. ನಮ್ಮ ಮಲೆನಾಡಿನ ಕಡೆಯೂ ಆಗ ಶಾಲೆ ಮೈದಾನದಲ್ಲಿ ಬೆಂಕಿ ಹಚ್ಚಿ ಆರಿಸಿ ತೋರಿಸುತ್ತಾರೆ. ಅದನ್ನು ನೋಡಿದ ಸಂಘದವರಿಗೆ, ಕಾಲೇಜಿನವರಿಗೆ ಹುರುಪು ಬರುತ್ತದೆ. ನಾವೂ ಒಂದು ಜಾಗೃತಿ ಕಾರ್ಯಕ್ರಮ ಮಾಡೋಣ ಅಂತ ಬ್ಯಾನರ್, ಮೈಕು, ಕರಪತ್ರ, ಕೊನೆಗೆ ಉಪ್ಪಿಟ್ಟು.

ಬಂದವರು ಯಾರು? ನಡೆದು ಬರಲು ಆಗುವವರು. ತೋಟದ ನಡುವಿನ ಮನೆಯಲ್ಲಿ ಒಬ್ಬರೇ ಇರುವ ಮಂಡಿನೋವಿನ ಅಜ್ಜಿ ಬರುವುದಿಲ್ಲ. ಶಿವಮೊಗ್ಗದ ಪಿ.ಜಿ.ಯಲ್ಲಿ ಬೆಳಗಿನ ಜಾವ ಮಲಗುವ ಹುಡುಗನೂ ಬರುವುದಿಲ್ಲ. ಬೆಂಕಿಯ ಭಯ ಜಾಸ್ತಿ ಇರುವುದು ಇವರಿಬ್ಬರ ಮನೆಯಲ್ಲೇ ಅಲ್ವಾ? ಹಾಗಾಗಿ ಸಭೆ ಬಿಡಿ. ಮನೆಗೆ ಹೋಗಿ. ಹೋದರೆ ಹೀಗೆ ಮಾಡಿ.

1. ಮನೆ ಆರಿಸಿ

ಆಶಾ ಕಾರ್ಯಕರ್ತೆ, ಹಾಲಿನ ಡೇರಿಯವರು, ಲೈನ್‌ಮನ್, ಪೋಸ್ಟಿನವರು. ಇವರನ್ನು ಕೇಳಿದರೆ ಯಾವ ಮನೆಯಲ್ಲಿ ಯಾರು ಒಂಟಿ, ಯಾರಿಗೆ ಕಣ್ಣು ಮಂಜು, ಯಾರು ಹಾಸಿಗೆ ಹಿಡಿದಿದ್ದಾರೆ ಅಂತ ಅರ್ಧ ಗಂಟೆಯಲ್ಲಿ ಪಟ್ಟಿ ಸಿಗುತ್ತದೆ.

2. ಮೂವರೇ ಹೋಗಿ

ಆ ಮನೆಯವರಿಗೆ ಮುಖ ಪರಿಚಯ ಇರುವವರು ಒಬ್ಬರು, ಒಬ್ಬ ಹೆಂಗಸು, ಒಬ್ಬ ಕಾಲೇಜು ಹುಡುಗ ಅಥವಾ ಹುಡುಗಿ. ಇಷ್ಟು ಸಾಕು. ಹತ್ತು ಜನ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಅಂಗಳಕ್ಕೆ ನುಗ್ಗಿದರೆ ನಾಯಿಗೂ ಗಾಬರಿ, ಅಜ್ಜಿಗೂ ಗಾಬರಿ.

ಪರಿಚಯದವರು ಯಾಕೆ ಬೇಕು ಅಂದರೆ, ಗ್ಯಾಸ್ ಕಂಪನಿಯಿಂದ ಬಂದಿದ್ದೇವೆ ಅಂತ ಹೇಳಿ ಪೈಪು, ‘ಸೇಫ್ಟಿ ಡಿವೈಸ್’, ‘ಗ್ಯಾಸ್ ಸೇವರ್’ ಎಂದೆಲ್ಲ ಮಾರಿ ದುಡ್ಡು ಕಿತ್ತುಕೊಂಡು ಹೋಗುವವರು ಹಳ್ಳಿಗಳಲ್ಲೂ ಓಡಾಡುತ್ತಿದ್ದಾರೆ. ನಿಮ್ಮನ್ನೂ ಅದೇ ಸಾಲಿಗೆ ಸೇರಿಸುತ್ತಾರೆ. ಏನನ್ನೂ ಮಾರಬೇಡಿ, ಫೋಟೋ ತೆಗೆಯಬೇಡಿ. ಚೀಲದಲ್ಲಿ ಒಂದು ಟಾರ್ಚು, ದಪ್ಪ ಮಾರ್ಕರ್, ಕೆಂಪು ನೈಲ್ ಪಾಲಿಷ್, ಒಂದು ಶಾಂಪೂ ಪ್ಯಾಕೆಟ್, ನಾಲ್ಕು ಮೊಳೆ, ಸುತ್ತಿಗೆ ಇರಲಿ. ಕರಪತ್ರ ಬೇಡವೇ ಬೇಡ. ಅದು ನೇರ ಬಚ್ಚಲ ಒಲೆಗೆ ಹೋಗುತ್ತದೆ.

ಹೊತ್ತು ಮಧ್ಯಾಹ್ನ ಮೂರೂವರೆ. ಒಂದು ನಿದ್ದೆ ಮುಗಿದಿರುತ್ತದೆ, ಹಾಲು ಕರೆಯುವುದು ಇನ್ನೂ ಇರುತ್ತದೆ. ಅಡಿಕೆ ಕೊನೆ ಕೊಯ್ಲಿನ ದಿನಗಳಲ್ಲಿ ಮಾತ್ರ ಹೋಗಬೇಡಿ, ಬೈಸಿಕೊಳ್ಳುತ್ತೀರಿ.

3. ಒಳಗೆ ಹೋದ ಮೇಲೆ

ಹೆಚ್ಚಿನವರು ಎಡವುವುದು ಇಲ್ಲಿ. ಚಪ್ಪಲಿ ಬಿಟ್ಟ ಕೂಡಲೇ “ಅಜ್ಜೀ, ಇದು ಡೇಂಜರ್, ಹೀಗೆಲ್ಲ ಇಡಬಾರದು” ಅಂತ ಶುರು. ನಲವತ್ತು ವರ್ಷ ಆ ಒಲೆಯಲ್ಲಿ ಅಡುಗೆ ಮಾಡಿದವರಿಗೆ ಇಪ್ಪತ್ತು ವರ್ಷದ ಹುಡುಗ ಬೆಂಕಿ ಬಗ್ಗೆ ಹೇಳುವುದು! ಅಜ್ಜಿ ನಗುತ್ತಾ “ಹೌದು ಮಾರಾಯ” ಅನ್ನುತ್ತಾರೆ. ಒಂದು ಕಡ್ಡಿಯೂ ಅಲುಗುವುದಿಲ್ಲ.

ಮೊದಲು ಕೂತುಕೊಳ್ಳಿ. “ಆಸ್ರಿಗೆ ಏನು ಬೇಕು?” ಅಂದಾಗ ಬೇಡ ಅನ್ನಬೇಡಿ. ಕುಡಿದು, ಅಡುಗೆಮನೆ ಸುದ್ದಿಗೆ ಹೋಗದೆ, ಬಚ್ಚಲು ತೋರಿಸಿ ಅಂತ ಕೇಳಿ. ಇದಕ್ಕೆ ಎರಡು ಕಾರಣ. ಕೆಲವು ಮನೆಗಳಲ್ಲಿ ಅಡುಗೆಮನೆಗೆ ಹೊರಗಿನವರು ಹೋಗುವ ಪದ್ಧತಿ ಇಲ್ಲ, ಬಚ್ಚಲಿಗೆ ಆ ಮಡಿ ಇಲ್ಲ. ಇನ್ನೊಂದು, ಮಲೆನಾಡಿನ ಮನೆಯಲ್ಲಿ ಯಾರೂ ಕಾಯದೆ ಗಂಟೆಗಟ್ಟಲೆ ಉರಿಯುವ ಬೆಂಕಿ ಹಂಡೆ ಒಲೆಯದ್ದೇ.

“ಹೇಗೆ ಒಲೆ ಹಚ್ಚುತ್ತೀರಿ, ಒಂದು ಸಲ ಹಚ್ಚಿ ನೋಡೋಣ” ಅನ್ನಿ. ಆಮೇಲೆ ಬಾಯಿ ಮುಚ್ಚಿಕೊಂಡು ನೋಡಿ. ನೋಡಬೇಕಾದದ್ದು ಇವು.

ಕೊಳ್ಳಿ ಎಷ್ಟುದ್ದ? ಒಡೆಯುವವರು ಇಲ್ಲ ಅಂತ ನಾಲ್ಕಡಿ ಮರದ ಕುಂಟೆಯನ್ನೇ ಒಲೆಗೆ ತುರುಕಿರುತ್ತಾರೆ. ಒಳಗಿನ ತುದಿ ಉರಿದು ಬೂದಿಯಾದ ಮೇಲೆ ಭಾರ ಹೊರಗಿನ ಕಡೆಗೆ ಬರುತ್ತದೆ. ಕೊಳ್ಳಿ ಹೊರಳಿ ನೆಲಕ್ಕೆ ಬೀಳುತ್ತದೆ. ಬೀಳುವ ಜಾಗದಲ್ಲೇ ಒಣಗಲಿ ಅಂತ ಒಟ್ಟಿದ ಸೌದೆ, ಅದರ ಮೇಲೆ ಅಡಿಕೆ ಹಾಳೆ, ಸೋಗೆ. ಹಾಳೆಗೆ ಕಿಡಿ ತಾಗಿದರೆ ಮಾತಾಡುವಷ್ಟೂ ಹೊತ್ತು ಕೊಡುವುದಿಲ್ಲ, ಭಗ್ ಅನ್ನುತ್ತದೆ. ಎಷ್ಟೋ ಮನೆಗಳಲ್ಲಿ ಒಲೆ ಮೇಲೇ ಸೌದೆ ಅಟ್ಟ, ಅದರ ಮೇಲೆ ಮಾಡಿನ ಮರ.

ಇಲ್ಲಿ ಉಪದೇಶ ಮಾಡಬೇಡಿ. ನಿಮ್ಮ ಜೊತೆ ಬಂದ ಹುಡುಗನಿಗೆ ಕೊಡಲಿ ಕೊಡಿಸಿ. ಒಂದು ವಾರಕ್ಕೆ ಆಗುವಷ್ಟು ಕುಂಟೆಯನ್ನು ಒಂದೂವರೆ ಅಡಿಗೆ ತುಂಡು ಮಾಡಿ ಸೀಳಿ ಕೊಡಲಿ. ಒಲೆ ಬಾಯಿಂದ ಮೂರಡಿ ದೂರಕ್ಕೆ ನೆಲದ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆಯ ಈಚೆ ಏನೂ ಇರಬಾರದು. ಸೌದೆಯನ್ನು ನೀವೇ ಆಚೆ ಸಾಗಿಸಿ ಒಟ್ಟಿಕೊಡಿ. ಅಜ್ಜಿಗೆ ಗೊತ್ತಿಲ್ಲದೆ ಅಲ್ಲಿ ಸೌದೆ ಬಂದಿಲ್ಲ, ಸೊಂಟ ಬಗ್ಗದೆ ಅಲ್ಲಿಗೆ ಬಂದಿದೆ. ಜಾಗ ಬದಲಾಯಿಸಿದರೂ ಕೈಗೆ ಎಟುಕುವ ಎತ್ತರದಲ್ಲೇ ಇರಬೇಕು. ಇಲ್ಲವಾದರೆ ನೀವು ದಣಪೆ ದಾಟುವ ಮೊದಲೇ ಎಲ್ಲ ವಾಪಸ್ ಒಲೆ ಪಕ್ಕಕ್ಕೆ ಬಂದಿರುತ್ತದೆ.

ಆಮೇಲೆ ಕೇಳಿ, “ಮಳೆಗಾಲದಲ್ಲಿ ಹಸಿ ಸೌದೆ ಹೇಗೆ ಹತ್ತಿಸ್ತೀರಿ?” ಮೊದಲಾದರೆ ಸೀಮೆಎಣ್ಣೆ. ಈಗ ಅದು ಸಿಗುವುದು ಅಪರೂಪ. ಹಾಗಾಗಿ ಕಳೆ ಹೊಡೆಯುವ ಮಷಿನ್ನಿನ ಪೆಟ್ರೋಲ್ ಕ್ಯಾನು ಬಚ್ಚಲ ಮೂಲೆಗೆ ಬಂದು ಕೂತಿರುತ್ತದೆ. ಇದೊಂದು ವಿಷಯದಲ್ಲಿ ಮಾತ್ರ ನಯ ನಾಜೂಕು ಬೇಡ. ಸೀಮೆಎಣ್ಣೆ ಬೇರೆ, ಪೆಟ್ರೋಲ್ ಬೇರೆ. ಪೆಟ್ರೋಲಿನ ಆವಿ ನೆಲದ ಮೇಲೆ ಹರಿದು ಕೆಂಡ ಇರುವಲ್ಲಿಗೆ ತಾನೇ ಹೋಗುತ್ತದೆ. ಕ್ಯಾನನ್ನು ಅಲ್ಲಿಂದ ಎತ್ತಿ, ಮನೆಯಿಂದ ದೂರ, ಬೆಂಕಿ ಇಲ್ಲದ ಶೆಡ್ಡಿಗೆ ಇಟ್ಟು ಬನ್ನಿ. ಬದಲಿಗೆ ಒಣ ತೆಂಗಿನ ಗರಟ, ಸಿಪ್ಪೆ ಒಂದು ಡಬ್ಬಿ ತುಂಬಿಸಿ ಕೊಡಿ. ಬೂದಿಯನ್ನು ಮುಚ್ಚಳ ಇರುವ ತಗಡಿನ ಡಬ್ಬಿಗೆ ತುಂಬಿ, ಮಾರನೇ ದಿನ ನೀರು ಚಿಮುಕಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಬೂದಿಯೊಳಗಿನ ಕೆಂಡ ದರಗಿನ (ಒಣ ಎಲೆಯ) ರಾಶಿಗೆ ಬಿದ್ದರೆ ಬೇಸಿಗೆಯಲ್ಲಿ ಕೊಟ್ಟಿಗೆ ಉಳಿಯುವುದಿಲ್ಲ.

4. ಗ್ಯಾಸು

ಬಚ್ಚಲಲ್ಲಿ ಸ್ನೇಹ ಆದಮೇಲೆ ಅಡುಗೆಮನೆಗೆ ಅವರೇ ಕರೆಯುತ್ತಾರೆ. ಇಲ್ಲದಿದ್ದರೆ ಹೆಂಗಸರು ಮಾತ್ರ ಹೋಗಲಿ.

“ರೆಗ್ಯುಲೇಟರ್ ಆಫ್ ಮಾಡಿ ತೋರಿಸಿ” ಅನ್ನಿ. ಅರ್ಧಕ್ಕರ್ಧ ಮಂದಿ ಸ್ಟವ್ವಿನ ಗುಬ್ಬಿ ಮಾತ್ರ ತಿರುಗಿಸುತ್ತಾರೆ. ಕಟ್ಟೆ ಕೆಳಗೆ ಕತ್ತಲಲ್ಲಿ ಕೂತ ಸಿಲಿಂಡರಿಗೆ ಬಗ್ಗುವವರು ಯಾರು? ಬೆರಳು ಸಂದು ಬಿಗಿದವರಿಗೆ ಗುಬ್ಬಿ ತಿರುಗುವುದೂ ಕಷ್ಟ. ಮುಂದಿನ ಡಬ್ಬಗಳನ್ನು ತೆಗೆಸಿ, ಸಿಲಿಂಡರನ್ನು ಮುಂದಕ್ಕೆ ಎಳೆದು, ಆಫ್ ಆದಾಗ ಗುಬ್ಬಿ ನಿಲ್ಲುವ ಜಾಗಕ್ಕೆ ಕೆಂಪು ನೈಲ್ ಪಾಲಿಷಿನ ದೊಡ್ಡ ಬೊಟ್ಟು ಇಡಿ. ಮೂರು ಸಲ ಅವರ ಕೈಯಲ್ಲೇ ತಿರುಗಿಸಿ. ನೀವು ತಿರುಗಿಸಿ ತೋರಿಸಿದರೆ ಲೆಕ್ಕಕ್ಕಿಲ್ಲ.

ಶಾಂಪೂ ನೀರು ಮಾಡಿ ಪೈಪಿನ ಎರಡೂ ತುದಿಗೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರಿಕೆ. ಕಡ್ಡಿ ಗೀರಿ ಸೋರಿಕೆ ನೋಡುವ ಧೀರರು ಇನ್ನೂ ಇದ್ದಾರೆ, ಅವರಿಗೆ ದೊಡ್ಡ ನಮಸ್ಕಾರ. ಐ.ಎಸ್.ಐ. ಗುರುತಿನ ಕೇಸರಿ ಸುರಕ್ಷಾ ಪೈಪಿನ ಆಯಸ್ಸು ಐದು ವರ್ಷ, ಅದರ ಮೇಲೇ ಅಚ್ಚಾಗಿರುತ್ತದೆ. ಸಂತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಹಸಿರು ಪೈಪು ತೋಟಕ್ಕೆ ನೀರು ಬಿಡಲು ಸರಿ, ಗ್ಯಾಸಿಗೆ ಬೇಡ. ಸಿಲಿಂಡರಿನ ಕುತ್ತಿಗೆ ಪಟ್ಟಿಯಲ್ಲಿ ‘ಬಿ 27’ ಅಂತಿದ್ದರೆ 2027ರ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ತಪಾಸಣೆ ಆಗಬೇಕು ಅಂತ ಅರ್ಥ. ಎ ಅಂದರೆ ಮೊದಲ ಮೂರು ತಿಂಗಳು, ಡಿ ಅಂದರೆ ಕೊನೆಯ ಮೂರು. ಅವಧಿ ದಾಟಿದ್ದನ್ನು ಇಳಿಸಿಕೊಳ್ಳಲೇಬಾರದು.

ನಮ್ಮ ಮನೆಗಳ ಇನ್ನೊಂದು ತೊಂದರೆ, ಗ್ಯಾಸ್ ಸ್ಟವ್ವಿನ ಪಕ್ಕದಲ್ಲೇ ಸೌದೆ ಒಲೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದ್ದು ನೆಲದಲ್ಲೇ ಹರಡಿ ಕೆಂಡ ಹುಡುಕುತ್ತದೆ. ವಯಸ್ಸಾದಂತೆ ಮೂಗಿಗೂ ವಾಸನೆ ಗೊತ್ತಾಗುವುದಿಲ್ಲ. ಹಾಗಾಗಿ ಎರಡೂ ಒಟ್ಟಿಗಿರುವ ಅಡುಗೆಮನೆಯಲ್ಲಿ ಸಿಲಿಂಡರ್ ಹೊರಗೆ, ಗೋಡೆಯಾಚೆ ಇರಬೇಕು. ಈ ಕೆಲಸ ಏಜೆನ್ಸಿಯವರಿಂದಲೇ ಆಗಲಿ. ವಾಸನೆ ಬಂದರೆ ರೆಗ್ಯುಲೇಟರ್ ಆಫ್, ಬಾಗಿಲು ತೆರೆ, ಲೈಟು-ಫ್ಯಾನಿನ ಸ್ವಿಚ್ ಮುಟ್ಟಬೇಡ, ಹೊರಗೆ ಬಾ. ಹೊರಗೆ ಬಂದ ಮೇಲೆ ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್.

5. ರಾತ್ರಿ ಬಾಗಿಲು

ಟಾರ್ಚು ಆರಿಸಿ, ಲೈಟು ಆರಿಸಿ, “ಈಗ ಹೊರಗೆ ಬನ್ನಿ” ಅನ್ನಿ. ಮೇಲಿನ ಚಿಲಕ, ಕೆಳಗಿನ ಚಿಲಕ, ಅಡ್ಡ ಅಗಳಿ, ಅದರಾಚೆ ಕಳ್ಳರ ಭಯಕ್ಕೆ ಮಗ ಹಾಕಿಸಿದ ಕಬ್ಬಿಣದ ಗ್ರಿಲ್ಲು, ಅದಕ್ಕೆ ಬೀಗ. ಬೀಗದ ಕೈ ದೇವರ ಗೂಡಿನಲ್ಲಿ! ಬಾಗಿಲ ಒಳಗಡೆ, ಎದೆಯ ಎತ್ತರಕ್ಕೆ, ಹೊರಗಿನಿಂದ ಕೈ ಹಾಕಿದರೆ ಸಿಗದ ಕಡೆ ಮೊಳೆ ಹೊಡೆದು ಬೀಗದ ಕೈ ಅಲ್ಲೇ ನೇತುಹಾಕಿ. ಬಿಗಿಯಾದ ಚಿಲಕಕ್ಕೆ ಎಣ್ಣೆ ಬಿಡಿ. ಹಾಸಿಗೆ ಹಿಡಿದವರ ಮಂಚ ಉಪ್ಪರಿಗೆಯಲ್ಲಿ ಇರಬಾರದು, ಬಾಗಿಲ ಹತ್ತಿರದ ಕೋಣೆಗೆ ಬರಲಿ. ಹೊತ್ತೊಯ್ಯಲು ಆಗದಿದ್ದರೆ ಕಂಬಳಿಯ ಮೇಲೆ ಮಲಗಿಸಿ ತಲೆ ಕಡೆಯಿಂದ ಎಳೆಯುವುದು ಸುಲಭ. ಜೊತೆಗೆ ಬಂದ ಹುಡುಗನನ್ನೇ ಮಲಗಿಸಿ ಎಳೆದು ತೋರಿಸಿ, ಮನೆಯವರೂ ನಗುತ್ತಾ ಕಲಿಯುತ್ತಾರೆ.

ಫೋನು? ಬೆಂಕಿಗೆ 101, ಇಲ್ಲವೇ 112. ಮಾರ್ಕರಿನಲ್ಲಿ ಗೋಡೆ ಮೇಲೇ ದೊಡ್ಡದಾಗಿ ಬರೆಯಿರಿ. ಕೆಳಗೆ ವಿಳಾಸ. ತಾಲ್ಲೂಕು ಮೊದಲು, ಆಮೇಲೆ ಊರು, ಆಮೇಲೆ ಗುರುತು. ಹೊಸೂರು, ಹೊಸಳ್ಳಿ ಎಂಬ ಊರು ಎಲ್ಲೆಲ್ಲೂ ಇವೆ. ತೀರ್ಥಹಳ್ಳಿಯದ್ದೋ ಹೊಸನಗರದ್ದೋ ಅಂತ ಹೇಳದಿದ್ದರೆ ಗಾಡಿ ಬೇರೆ ಘಟ್ಟ ಹತ್ತುತ್ತದೆ. ನೆಟ್‌ವರ್ಕ್ ಅಂಗಳದ ತುದಿಯಲ್ಲಿ ಮಾತ್ರ ಸಿಗುವುದಾದರೆ ಅದೇ ಜಾಗಕ್ಕೆ ಕರೆದೊಯ್ದು ಒಮ್ಮೆ ನೆಂಟರಿಗೆ ಫೋನ್ ಮಾಡಿಸಿ ನೋಡಿ. ನನ್ನ ಮಟ್ಟಿಗೆ ಫೋನಿಗಿಂತ ಜಾಗಟೆ ವಾಸಿ. ಹೊತ್ತಲ್ಲದ ಹೊತ್ತಲ್ಲಿ ಜಾಗಟೆ ಕೇಳಿದರೆ ಓಡಿ ಬನ್ನಿ ಅಂತ ಅಕ್ಕಪಕ್ಕದ ಎರಡು ಮನೆಗೆ ಹೇಳಿಬಿಡಿ. ಪೇಟೆಯಿಂದ ಗಾಡಿ ಬರುವ ಮೊದಲು ಮುಟ್ಟುವವರು ಅವರೇ.

6. ಪಿ.ಜಿ. ಹುಡುಗರು

ಇವರಿಗೆ ಸುಟ್ಟ ಗಾಯದ ವಿಡಿಯೊ ತೋರಿಸಿ ಹೆದರಿಸುವುದು ವ್ಯರ್ಥ. ಅದಕ್ಕಿಂತ ಭಯಂಕರವಾದದ್ದನ್ನು ದಿನಾ ಮೊಬೈಲಲ್ಲಿ ನೋಡುತ್ತಾರೆ. ಮೊದಲು ಅಜ್ಜಿ ಮನೆಗೆ ಕರೆದುಕೊಂಡು ಹೋಗಿ ಕೆಲಸ ಮಾಡಿಸಿ, ಆಮೇಲೆ ಅವರ ರೂಮಿಗೆ ಬನ್ನಿ. ಆ ಕ್ರಮವೇ ಸರಿ.

ರಾತ್ರಿ ಹತ್ತಕ್ಕೆ ಹೋಗಿ. ಕೇಳಬೇಕಾದದ್ದು ಲೆಕ್ಕ. 6 ಆಂಪಿಯರ್ ಪ್ಲಗ್ಗು 230 ವೋಲ್ಟಿನಲ್ಲಿ ತಾಳುವುದು 1380 ವ್ಯಾಟ್. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಒಂದೇ 1500 ವ್ಯಾಟ್. ಅದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಮ್ಯಾಗಿ ಬೇಯಿಸುವ ಕೆಟಲ್ಲು, ಎರಡು ಫೋನು, ಒಂದು ಲ್ಯಾಪ್‌ಟಾಪು. ಬಾಕ್ಸನ್ನು ಅಂಗೈಯಲ್ಲಿ ಮುಟ್ಟಿಸಿ, ಬೆಚ್ಚಗಿದ್ದರೆ ಅವರಿಗೇ ಅರ್ಥವಾಗುತ್ತದೆ. ಕಾಯಿಲ್ಲು, ಕೆಟಲ್ಲು ಗೋಡೆಯ 16 ಆಂಪಿಯರ್ ಪ್ಲಗ್ಗಿಗೆ ಮಾತ್ರ, ಒಂದು ಸಲಕ್ಕೆ ಒಂದು. ದಿಂಬಿನ ಕೆಳಗೆ ಫೋನ್ ಚಾರ್ಜಿಗೆ ಹಾಕುವುದು, ಮಂಚದ ಕೆಳಗೆ ಸೊಳ್ಳೆ ಬತ್ತಿ ಹಚ್ಚುವುದು, ಎರಡೂ ಬಂದ್.

ಆಮೇಲೆ ಎಲ್ಲರನ್ನೂ ಕಣ್ಣು ಮುಚ್ಚಿಸಿ, ಮೊಣಕಾಲ ಮೇಲೆ ತೆವಳುತ್ತಾ, ಗೋಡೆ ಸವರುತ್ತಾ ಮೆಟ್ಟಿಲ ತನಕ ಹೋಗಿಸಿ. ಎಷ್ಟು ಬಾಗಿಲು ದಾಟಿದೆ ಅಂತ ಎಣಿಸಲಿ. ಹೊಗೆ ಮೇಲೇರುತ್ತದೆ, ಉಸಿರಾಡುವ ಗಾಳಿ ಕೆಳಗೇ ಇರುತ್ತದೆ. ಮಹಡಿ ಬಾಗಿಲಿಗೆ ಬೀಗ ಇದೆಯಾ, ಮೆಟ್ಟಿಲ ಬುಡದಲ್ಲೇ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ನಿಂತಿದೆಯಾ ನೋಡಿ. ಇರುವುದೊಂದೇ ಮೆಟ್ಟಿಲು. ಅದರ ಬುಡದಲ್ಲಿ ಬ್ಯಾಟರಿ ಹೊತ್ತಿದರೆ ಮೇಲಿನವರಿಗೆ ದಾರಿ ಇಲ್ಲ. ಓನರ್ ಹತ್ತಿರ ನೀವೇ ಮಾತಾಡಿ, ಹುಡುಗರು ಹೇಳಿದರೆ ರೂಮ್ ಖಾಲಿ ಮಾಡು ಅನ್ನುತ್ತಾರೆ.

ಕೊಳ್ಳುವುದು, ಕೊಳ್ಳದಿರುವುದು

ಎಪ್ಪತ್ತು ದಾಟಿದವರಿಗೆ ಬೆಂಕಿ ಆರಿಸುವ ಸಿಲಿಂಡರ್ ಉಡುಗೊರೆ ಕೊಡಬೇಡಿ. ಎತ್ತಲಾರರು, ಪಿನ್ ಎಳೆಯಲಾರರು, ಆರಿಸುತ್ತಾ ನಿಂತು ಹೊಗೆ ಕುಡಿಯುತ್ತಾರೆ. ಪಿ.ಜಿ.ಗೆ, ಅಡಿಕೆ ಬೇಯಿಸುವ ಮನೆಗೆ ಎ.ಬಿ.ಸಿ. ಅಂತ ಬರೆದ ಪೌಡರಿನದ್ದು ಸರಿ, ಅದರ ಮೀಟರಿನ ಮುಳ್ಳು ಹಸಿರಿನಲ್ಲಿ ಇರಬೇಕು. ಬಾಣಲೆ ಎಣ್ಣೆ ಹೊತ್ತಿದರೆ ನೀರು ಬೇಡ, ಒಲೆ ಆರಿಸಿ ತಟ್ಟೆ ಮುಚ್ಚಿ. ಬ್ಯಾಟರಿ ಹಾಕುವ ಹೊಗೆ ಅಲಾರಂ ಒಳ್ಳೆಯದು, ಆದರೆ ಸೌದೆ ಒಲೆಯ ಅಡುಗೆಮನೆಯಲ್ಲಿ ಹಾಕಿದರೆ ಮೂರೇ ದಿನಕ್ಕೆ ಬ್ಯಾಟರಿ ಕಿತ್ತು ಗಡಿಯಾರಕ್ಕೆ ಹೋಗುತ್ತದೆ. ಮಲಗುವ ಕೋಣೆಯ ಮುಚ್ಚಿಗೆಗೆ ಹಾಕಿ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟು, ಶಾಯಿ ಬೇಡ, ಹರಿಯುವ ತಣ್ಣೀರು ಇಪ್ಪತ್ತು ನಿಮಿಷ.

7. ಮತ್ತೆ ಹೋಗಿ

ಮಳೆ ಹಿಡಿದ ಮೇಲೆ ಒಮ್ಮೆ, ದೀಪಾವಳಿಗೆ ಮೊದಲು ಒಮ್ಮೆ. ಬಚ್ಚಲ ಗೆರೆಯ ಈಚೆ ಸೌದೆ ಬಂದಿದೆಯಾ, ಬೀಗದ ಕೈ ಮೊಳೆಯಲ್ಲಿದೆಯಾ, ಪೆಟ್ರೋಲ್ ಕ್ಯಾನು ಎಲ್ಲಿದೆ. ಮೂರೇ ನೋಡಿ. ಗೆರೆ ಅಳಿಸಿದ್ದರೆ ಈ ಸಲ ಪೇಂಟಿನಲ್ಲಿ ಎಳೆಯಿರಿ, ಕೊಡಲಿಯನ್ನೂ ಮರೆಯದೆ ತೆಗೆದುಕೊಂಡು ಹೋಗಿ.